ಏಳಕ್ಕೆ ಇಟ್ಟ ರೇಡಿಯೋ

ಬಂದರಿನ ಹಿಂದಿನ ಓಣಿಯಲ್ಲಿ ಅವಳನ್ನು ಎಲ್ಲರೂ ಐಸಕ್ಕ ಎನ್ನುತ್ತಿದ್ದರು. ಐಸ್ ಫ್ಯಾಕ್ಟರಿಯಲ್ಲಿ ಮಂಜುಗಡ್ಡೆಯ ದಿಮ್ಮಿಗಳನ್ನು ಯಂತ್ರಕ್ಕೆ ತಳ್ಳಿ, ಪುಡಿಯಾಗಿ ಬಿದ್ದದ್ದನ್ನು ಸಲಿಕೆಯಿಂದ ಮೀನಿನ ಪೆಟ್ಟಿಗೆಗಳಿಗೆ ತುಂಬುವುದು ಅವಳ ಕೆಲಸ. ಹೆಸರು ಅಲ್ಲಿಂದ ಬಂದದ್ದು. ಸ್ವಭಾವ ನೋಡಿ ಹೆಸರಿಡುವುದಾಗಿದ್ದರೆ ಬೇರೆಯೇ ಇಡಬೇಕಿತ್ತು, ಯಾಕೆಂದರೆ ಅಷ್ಟೊಂದು ಅಂಜುಬುರುಕಿಯನ್ನು ಆ ಓಣಿ ಇನ್ನೊಬ್ಬಳನ್ನು ಕಂಡಿರಲಿಲ್ಲ. ಬಾಗಿಲು ಗಾಳಿಗೆ ಬಡಿದುಕೊಂಡರೆ ಅವಳ ಎದೆಯೂ ಬಡಿದುಕೊಳ್ಳುತ್ತಿತ್ತು. ಊಟಕ್ಕೆ ಕೂತ ಗಂಡ ಒಂದು ಸಲ ಕೆಮ್ಮಿದರೆ ಸಾಕು, ನೀರಿನ ಲೋಟ ಹಿಡಿದು ಎದ್ದು ನಿಂತಿರುತ್ತಿದ್ದಳು. ನಗಬೇಡಿ. ಅವಳ ಅಪ್ಪ ಒಂದು ಬೆಳಿಗ್ಗೆ ದೋಣಿ ತೆಗೆದುಕೊಂಡು ಕಡಲಿಗೆ ಹೋದವನು, ಸಂಜೆಗೆ ದೋಣಿ ಮಾತ್ರ ಬೋರಲಾಗಿ ಬಂತು. ಗಾಳಿ ಏಳುತ್ತದೆ ಎಂದು ಆ ದಿನ ರೇಡಿಯೋದಲ್ಲಿ ಬೆಳಗಿನ ಜಾವವೇ ಹೇಳಿದ್ದರಂತೆ. ಅವರ ಮನೆಯಲ್ಲಿ ರೇಡಿಯೋ ಇರಲಿಲ್ಲ.

ಹಾಗೆಂದು ಅವಳನ್ನು ಕಡಲಿನ ಗೊಡವೆಯಿಲ್ಲದ ಮನೆಗೆ ಕೊಟ್ಟರೇ? ಎಲ್ಲಿ ಬಂತು! ಇನ್ನೊಬ್ಬ ದೋಣಿಯವನಿಗೇ ಕೊಟ್ಟರು. ಅವಳೂ ಬೇಡ ಅನ್ನಲಿಲ್ಲ, ಹುಡುಗ ನೋಡುವುದಕ್ಕೆ ಚೆನ್ನಾಗಿದ್ದ. ಆದರೆ ಫ್ಯಾಕ್ಟರಿಯ ಮೊದಲ ಸಂಬಳ ಕೈಗೆ ಬಂದಾಗ ಅವಳು ಬಟ್ಟೆಯ ಅಂಗಡಿಗೂ ಹೋಗಲಿಲ್ಲ, ಪಾತ್ರೆಯ ಅಂಗಡಿಗೂ ಹೋಗಲಿಲ್ಲ. ಹಿಡಿ ಇರುವ, ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದಾದ ಒಂದು ರೇಡಿಯೋ ತಂದಳು. ಅದರ ಎಡಗಡೆ ಸ್ಪೀಕರು, ಬಲಗಡೆ ದುಂಡನೆಯ ಗಡಿಯಾರ. ಗಡಿಯಾರದಲ್ಲಿ ಉಳಿದ ಮುಳ್ಳುಗಳ ಜೊತೆ ಒಂದು ಪುಟ್ಟ ಕೆಂಪು ಮುಳ್ಳು. ಆ ಕೆಂಪು ಮುಳ್ಳನ್ನು ಯಾವ ಗಂಟೆಗೆ ತಿರುಗಿಸಿ ಇಡುತ್ತೀರೋ ಆ ಗಂಟೆಗೆ ರೇಡಿಯೋ ತಾನಾಗಿ ಮಾತಿಗೆ ಶುರುಮಾಡುತ್ತದೆ.

ಅದನ್ನು ಅವಳು ಸಾಕಿದ ಚಂದ ನೋಡಬೇಕಿತ್ತು. ಸಾಕಿದ್ದೇ ಸರಿ, ಬೇರೆ ಮಾತಿಲ್ಲ. ಕಡಲ ಗಾಳಿಯ ಉಪ್ಪು ಆ ಓಣಿಯಲ್ಲಿ ಬೀಗವನ್ನೇ ತಿಂದುಹಾಕುತ್ತದೆ, ಇನ್ನು ರೇಡಿಯೋ ಯಾವ ಲೆಕ್ಕ! ಸೆಲ್ಲು ಕೂರುವ ಜಾಗದ ಸ್ಪ್ರಿಂಗುಗಳಿಗೆ ಹಸಿರು ಕಿಲುಬು ಹತ್ತದ ಹಾಗೆ ಭಾನುವಾರಕ್ಕೊಮ್ಮೆ ಮುಚ್ಚಳ ತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಸೆಲ್ಲುಗಳು ಸೊರಗುವ ತನಕ ಕಾಯುತ್ತಿರಲಿಲ್ಲ. ತಿಂಗಳು ತುಂಬಿತೋ, ಚೆನ್ನಾಗಿರುವ ಸೆಲ್ಲುಗಳನ್ನೂ ತೆಗೆದು ಹೊಸದು ಹಾಕುವಳು, ಹಳೆಯದು ಗಂಡನ ಟಾರ್ಚಿಗೆ. ಸ್ಟೇಷನ್ ಕಡ್ಡಿ ನಿಲ್ಲಬೇಕಾದ ಕಡೆ ಉಗುರುಬಣ್ಣದ ಒಂದು ಚುಕ್ಕೆ. ಉದ್ದನೆಯ ಏರಿಯಲ್ ಕಡ್ಡಿಯ ತುದಿ ಮುರಿದಾಗ ತಾಮ್ರದ ತಂತಿ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದ್ದಳು. ಕೆಂಪು ಮುಳ್ಳಿನ ಗುಂಡಿಯನ್ನಂತೂ ಯಾರೂ ಮುಟ್ಟುವ ಹಾಗಿರಲಿಲ್ಲ. ಅದನ್ನು ಬಾಣದ ಗುರುತಿನ ಕಡೆಗೇ ತಿರುಗಿಸಬೇಕು, ಹಿಂದಕ್ಕೆ ತಿರುಗಿಸಿದರೆ ಮುಳ್ಳು ಸಡಿಲವಾಗುತ್ತದೆ. ದಿನಕ್ಕೆರಡು ಸಲ ಅದನ್ನು ತಿರುಗಿಸುವುದು ಅವಳದೇ ಕೆಲಸ: ಮಧ್ಯಾಹ್ನ ಎರಡನೇ ಪಾಳಿಗೆ ಮುಂಚೆ ಸ್ವಲ್ಪ ಅಡ್ಡಾಗುವಾಗ ಎರಡಕ್ಕೆ, ರಾತ್ರಿ ಮಲಗುವ ಮುಂಚೆ ಮತ್ತೆ ನಾಲ್ಕಕ್ಕೆ.

ಗಂಡ ಆ ರೇಡಿಯೋಗೆ ಭಾವಮೈದ ಎಂದು ಹೆಸರಿಟ್ಟಿದ್ದ.

"ಇವಳ ತಮ್ಮ ನಮ್ಮನೇಲೇ ಠಿಕಾಣಿ ಹೂಡಿದಾನೆ," ಎಂದು ಬಂದವರ ಹತ್ತಿರವೆಲ್ಲ ಹೇಳುವನು. "ತಿಂಗಳು ತಿಂಗಳು ಸೆಲ್ಲು ತಿನ್ನಿಸಬೇಕು. ಮೇಲಿಂದ ನಾನು ಕೆಲಸಕ್ಕೆ ಹೊರಟರೆ, ಹೋಗಬೇಡ ಭಾವ ಅಂತಾನೆ."

"ಹೂಂ, ಅನ್ನಲಿ ಬಿಡ್ರೀ," ಎನ್ನುವಳು ಇವಳು. "ಅಷ್ಟಾದರೂ ಅನ್ನೋರು ಒಬ್ಬರು ಬೇಡ್ವಾ?"

ತಮಾಷೆ ಏನೇ ಮಾಡಿದರೂ ಅವನು ರೇಡಿಯೋದ ಮಾತು ಮೀರುತ್ತಿರಲಿಲ್ಲ. ಮಾತು ಎಂದರೆ ಹೆಂಡತಿಯ ಮಾತೇ. ಬೆಳಗಿನ ಜಾವ ನಾಲ್ಕಕ್ಕೆ ರೇಡಿಯೋ ಬಾಯಿ ಬಿಟ್ಟ ಕೂಡಲೇ ಕಡಲಿನವರಿಗಾಗಿ ಗಾಳಿಯ ಸುದ್ದಿ ಓದುತ್ತಿದ್ದರು. ಅವಳು ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುವಳು. ಗಾಳಿ ಇದೆ ಎಂದರೆ ಗಂಡನ ಭುಜ ಅಲುಗಿಸಿ "ಬೇಡ ಕಣ್ರೀ" ಎನ್ನುವಳು, ಅವನು ಗೊಣಗಿಕೊಂಡು ಮಗ್ಗುಲು ಬದಲಿಸುವನು. ಏನೂ ಇಲ್ಲ ಎಂದರೆ ಟಕ್ಕೆಂದು ಆರಿಸಿ, ಮತ್ತೆ ಕಣ್ಣು ಮುಚ್ಚುವಳು. ಆಮೇಲೆ ಅವನು ತನ್ನಷ್ಟಕ್ಕೆ ಎಚ್ಚರವಾಗಿ, ಮನೆ ಸುಮ್ಮನಿದೆ ಎಂದರೆ ಕಡಲೂ ಸುಮ್ಮನಿದೆ ಎಂದುಕೊಂಡು, ಸದ್ದಾಗದ ಹಾಗೆ ಬಾಗಿಲೆಳೆದುಕೊಂಡು ಹೋಗುವನು. ಇಷ್ಟು ವರ್ಷ ಸಂಸಾರ ಹೀಗೇ ನಡೆದಿತ್ತು. ಯಾರೂ ಕೂತು ಮಾತಾಡಿ ಮಾಡಿಕೊಂಡ ಏರ್ಪಾಡಲ್ಲ, ತಾನಾಗಿ ಆದದ್ದು.

ಅವಳಿಗೆ ಜ್ವರ ಬಂದ ದಿನ ಈ ಏರ್ಪಾಡು ಕೈಕೊಟ್ಟಿತು.

ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ ಮುಗಿಯುವುದರೊಳಗೆ ಹಲ್ಲು ಕಟಕಟ ಎನ್ನತೊಡಗಿತ್ತು. ಐಸಿನ ಹತ್ತಿರ ನಿಂತದ್ದಕ್ಕೆ ಇರಬೇಕು ಎಂದುಕೊಂಡು ಮನೆಗೆ ಬಂದಳು, ಕೆಂಪು ಮುಳ್ಳನ್ನು ಎರಡಕ್ಕೆ ತಿರುಗಿಸಿ ಮಲಗಿದಳು. ಎರಡಕ್ಕೆ ರೇಡಿಯೋ ಕೂಗಿದಾಗ ಅದನ್ನು ಆರಿಸುವಷ್ಟು ಮಾತ್ರ ಕೈ ಎದ್ದಿತು, ಮೈ ಏಳಲಿಲ್ಲ. ಎರಡನೇ ಪಾಳಿ ತಪ್ಪಿತು. ಸಂಜೆಯಾಗುವಷ್ಟರಲ್ಲಿ ಮೈ ಕೆಂಡ. ಗಂಡ ಬಂದು ನೋಡಿ, ಮುಖ ಸಣ್ಣದು ಮಾಡಿಕೊಂಡು, ಔಷಧದ ಅಂಗಡಿಯಿಂದ ಮಾತ್ರೆ ತಂದು ನುಂಗಿಸಿದ. ದೋಣಿಯ ಎಂಜಿನ್ ಬಿಚ್ಚಿ ಹರವಿ ಬಂದಿದ್ದರಿಂದ ಮತ್ತೆ ದಡಕ್ಕೆ ಹೋಗಲೇಬೇಕಿತ್ತು. ಮನೆಯಲ್ಲಿ ಉಳಿದವನು ಅವನ ತಮ್ಮ, ಅವಳ ಮೈದುನ.

ಮೈದುನ ಒಳ್ಳೆಯವನು. ದೋಣಿಗಳಿಗೆ ಬಣ್ಣ ಬಳಿದು ಹೆಸರು ಬರೆಯುವ ಕೆಲಸ. ಈ ಊರಿಗೆ ಬಂದು ಅಣ್ಣನ ಮನೆಯ ಮುಂಗೋಣೆಯಲ್ಲಿ ಹಾಸಿಗೆ ಹಾಸಿಕೊಂಡು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಪಕ್ಕದಲ್ಲಿ ಗೋಡೆ ಬಿದ್ದರೂ ಅವನಿಗೆ ಎಚ್ಚರವಾಗದು, ಬಿಸಿಲು ಮುಖಕ್ಕೆ ಬಿದ್ದ ಮೇಲೇ ಅವನಿಗೆ ಬೆಳಗು. ನಾಲ್ಕು ಗಂಟೆ ಎನ್ನುವುದು ಮಧ್ಯಾಹ್ನ ಮಾತ್ರ ಬರುತ್ತದೆ ಎಂದುಕೊಂಡಿದ್ದ ಮನುಷ್ಯ. ರಾತ್ರಿ ಊಟದ ಹೊತ್ತು ಕಳೆದ ಮೇಲೆ ಅವನು ಬಿಸಿನೀರು ತಂದುಕೊಟ್ಟು, ಹೊದಿಕೆ ಸರಿಮಾಡಿ, ಇನ್ನೇನಾದರೂ ಬೇಕಾ ಎಂದು ಕೇಳಿದ.

ಅವಳಿಗೆ ಜ್ವರದ ಮಂಪರಿನಲ್ಲೂ ನೆನಪಾದದ್ದು ಅದೊಂದೇ.

"ಆ ರೇಡಿಯೋನ ಏಳಕ್ಕೆ ಇಟ್ಟುಬಿಡಪ್ಪಾ," ಎಂದಳು.

"ಏಳಕ್ಕಾ ಅತ್ತಿಗೆ?"

"ಹೂಂ, ಏಳಕ್ಕೆ. ಹಿಂದೆ ಗುಂಡಿ ಇದೆ ನೋಡು. ಬಾಣದ ಕಡೆಗೇ ತಿರುಗಿಸು. ಹಿಂದಕ್ಕೆ ಮಾತ್ರ ತಿರುಗಿಸಬೇಡ."

ಅವನು ನಾಲಿಗೆ ಕಚ್ಚಿಕೊಂಡು, ದೋಣಿಯ ಮೇಲೆ ಅಕ್ಷರ ಬರೆಯುವಷ್ಟೇ ಜೋಪಾನವಾಗಿ ಮುಳ್ಳು ತಿರುಗಿಸಿದ. "ಇಟ್ಟಿದೀನಿ ಅತ್ತಿಗೆ. ಸರಿಯಾಗಿ ಏಳಕ್ಕೇ ಇಟ್ಟಿದೀನಿ. ಇನ್ನು ನೀವು ನಿಶ್ಚಿಂತೆಯಾಗಿ ಮಲಗಿ."

ಅವಳು ನಿಶ್ಚಿಂತೆಯಾಗಿ ಮಲಗಿದಳು. ಪಾಪ, ಹುಟ್ಟಿದಮೇಲೆ ನಿಶ್ಚಿಂತೆ ಎಂದು ಅವಳು ಮಲಗಿದ್ದೇ ಅಪರೂಪ, ಅದೂ ಅವತ್ತೇ ಆಗಬೇಕಿತ್ತೇ! ಗಂಡ ತಡರಾತ್ರಿ ಬಂದು ಪಕ್ಕದಲ್ಲಿ ಮಲಗಿದ್ದೂ ಅವಳಿಗೆ ತಿಳಿಯಲಿಲ್ಲ.

ಬೆಳಿಗ್ಗೆ ರೇಡಿಯೋ ಬಾಯಿ ಬಿಟ್ಟಾಗ ಅವಳಿಗೆ ಮೈ ಹಗುರವಾಗಿತ್ತು. ಬಟ್ಟೆಯೆಲ್ಲ ಬೆವರಿನಲ್ಲಿ ನೆಂದು, ಒಣಗಿ, ಜ್ವರ ಬಿಟ್ಟುಹೋಗಿತ್ತು. ಆಹಾ ಎನ್ನಿಸಿತು. ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಳು. ಓದುವವನ ಗಂಟಲು ದಿನದ್ದಲ್ಲ, ಬೇರೆ ಯಾರದೋ.

"ಬೆಳಗಿನ ಜಾವ ನೀಡಿದ್ದ ಎಚ್ಚರಿಕೆಯನ್ನು ಮುಂದುವರಿಸಲಾಗಿದೆ. ಕರಾವಳಿಯ ಉದ್ದಕ್ಕೂ ಬಿರುಗಾಳಿ ಬೀಸುವ ಸಂಭವವಿದ್ದು, ಮೀನುಗಾರರು ಯಾವುದೇ ಕಾರಣಕ್ಕೂ ಕಡಲಿಗೆ ಇಳಿಯಬಾರದು. ಈಗಾಗಲೇ ಹೊರಟವರು ಕೂಡಲೇ..."

ಅವಳ ಕೈ ಅಭ್ಯಾಸದಂತೆ ಪಕ್ಕಕ್ಕೆ ಹೋಯಿತು, ಭುಜ ಅಲುಗಿಸುವುದಕ್ಕೆ. ಭುಜ ಇರಲಿಲ್ಲ. ಕಣ್ಣು ಬಿಟ್ಟಳು. ಕಿಟಕಿಯ ತುಂಬ ಬೆಳಕು.

ಬೆಳಕು ಯಾಕಿದೆ ಎಂದು ಅವಳಿಗೆ ಒಂದು ಗಳಿಗೆ ಹೊಳೆಯಲೇ ಇಲ್ಲ. ನಾಲ್ಕಕ್ಕೆ ಬೆಳಕಿರುತ್ತದೆಯೇ? ಎದ್ದು ಕೂತು ಗಡಿಯಾರವನ್ನು ಹತ್ತಿರ ಎಳೆದುಕೊಂಡಳು. ಸಣ್ಣ ಮುಳ್ಳು ಏಳರ ಮೇಲಿತ್ತು, ಕೆಂಪು ಮುಳ್ಳೂ ಏಳರ ಮೇಲೇ ಇತ್ತು, ಒಂದರ ಮೇಲೊಂದು ಮಲಗಿದ ಹಾಗೆ. ಬಾಗಿಲ ಹಿಂದೆ ಗಂಡನ ರಬ್ಬರ್ ಬೂಟು ಇಲ್ಲ, ಗೂಟದಲ್ಲಿ ಕೋಟು ಇಲ್ಲ.

"ಅಯ್ಯೋ! ಏಳೋ, ಏಳೋ ಮೇಲೆ!" ಎಂದು ಅವಳು ಕೂಗಿದ ಕೂಗಿಗೆ, ಗೋಡೆ ಬಿದ್ದರೂ ಏಳದ ಮೈದುನ ಎದ್ದು ಬಾಗಿಲಿಗೆ ಬಂದು ನಿಂತ.

"ಏಳಕ್ಕೆ ಯಾಕೋ ಇಟ್ಟೆ? ಏಳಕ್ಕೆ ಇಡು ಅಂತ ಯಾರು ಹೇಳಿದ್ದು ನಿನಗೆ?"

"ನೀವೇ ಹೇಳಿದ್ರಲ್ಲ ಅತ್ತಿಗೆ," ಎಂದ ಅವನು ಕಣ್ಣುಜ್ಜಿಕೊಳ್ಳುತ್ತ. "ಏಳಕ್ಕಾ ಅಂತ ಕೇಳಿದೆ. ಹೂಂ, ಏಳಕ್ಕೆ ಅಂದ್ರಿ. ಜ್ವರ ಇದೆ, ಏಳು ಗಂಟೆವರೆಗೂ ಮಲಗ್ತಾರೆ ಅಂದ್ಕೊಂಡೆ."

"ಏಳಕ್ಕೆ ಅಂದೆ ಕಣೋ! ಏಳಕ್ಕೆ! ನಾನು ಎದ್ದೇಳಕ್ಕೆ!"

ರೇಡಿಯೋ ತನ್ನ ಪಾಡಿಗೆ ಅದೇ ಎಚ್ಚರಿಕೆಯನ್ನು ಎರಡನೇ ಸಲ ಓದುತ್ತಿತ್ತು. ಏನಾಗಿದೆ ಎಂಬುದು ಅವನ ತಲೆಗೆ ನಿಧಾನವಾಗಿ ಇಳಿಯಿತು. "ಅಣ್ಣ?" ಎಂದ. ಅವಳು ಆಗಲೇ ಹೊಸ್ತಿಲು ದಾಟಿದ್ದಳು. ಬರಿಗಾಲಲ್ಲೇ ಓಡಿದಳು.

ಓಣಿ ದಾಟಿದರೆ ಐಸ್ ಫ್ಯಾಕ್ಟರಿಯ ಹಿಂಗೋಡೆ, ಅದನ್ನು ಬಳಸಿದರೆ ದಡ. ಗಾಳಿ ಆಗಲೇ ಎದ್ದಿತ್ತು. ಇನ್ನೂ ಬಿರುಗಾಳಿಯಲ್ಲ, ಒಣಹಾಕಿದ ಬಲೆಗಳನ್ನು ಎಳೆದಾಡುವಷ್ಟು. ಆಕಾಶದ ಒಂದು ಮೂಲೆ ಮಸಿ ಬಟ್ಟೆಯ ಹಾಗಾಗಿತ್ತು. ದೋಣಿಗಳೆಲ್ಲ ಮೇಲೆ ಎಳೆದಿಟ್ಟು ಸಾಲಾಗಿ ಕೂತಿದ್ದವು. ಸಾಲಿನಲ್ಲಿ ಒಂದೇ ಒಂದು ಜಾಗ ಖಾಲಿ. ಅದು ಅವರದು. ಅವಳು ಅಲ್ಲಿದ್ದ ಪೆಟ್ಟಿಗೆಯೊಂದನ್ನು ಹಿಡಿದುಕೊಂಡಳು.

ಬಲೆ ಹೊಲಿಯುವ ಅಜ್ಜ ಗಾಳಿಗೆ ಮರೆಯಾಗಿ ದೋಣಿಯ ಪಕ್ಕ ಕೂತಿದ್ದವನು ಎದ್ದು ಬಂದ.

"ನಿನ್ನ ಗಂಡನಿಗೆ ಹೇಳಿದೆ ತಾಯಿ," ಎಂದ. "ಗಾಳಿ ವಾಸನೆ ಸರಿಯಿಲ್ಲ ಕಣೋ, ರೇಡಿಯೋ ಏನಂತು ಅಂತ ಕೇಳಿದೆ. 'ಮನೆಯವಳು ಸುಮ್ಮನೆ ಮಲಗಿದಾಳೆ ಅಜ್ಜ, ಅಂದ ಮೇಲೆ ಗಾಳಿ ಏನೂ ಇಲ್ಲ' ಅಂದ. ಅವನು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ನಾನೇನು ಹೇಳಲಿ? ಉಳಿದವರು ದಡಕ್ಕೆ ಬರೋದರೊಳಗೆ ಪಕ್ಕದ ಮನೆಯವನನ್ನೂ ಕರ್ಕೊಂಡು ಹೋದ."

ಪಕ್ಕದ ಮನೆಯವನು ಗಂಡನ ಜೊತೆ ಬಲೆ ಎಳೆಯುವವನು. ಅವನ ಹೆಂಡತಿ ಅಷ್ಟರಲ್ಲೇ ಒದ್ದೆ ಕೈ ಒರೆಸಿಕೊಳ್ಳುತ್ತ ದಡಕ್ಕೆ ಬಂದಿದ್ದಳು. ಅವಳಿಗೆ ಇನ್ನೂ ಗಾಬರಿಯಾಗಿರಲಿಲ್ಲ.

"ಅಕ್ಕಾ, ಇದೇನು ಗಾಳಿ ಹಿಂಗೆ ಬೀಸ್ತಿದೆ? ನಿಮ್ಮ ರೇಡಿಯೋ ಏನೂ ಅನ್ನಲಿಲ್ಲ ಅಲ್ವಾ?"

ಮೈದುನ ಓಡಿಬಂದು ಪಕ್ಕದಲ್ಲೇ ನಿಂತಿದ್ದ. ಅವನು ಏನೋ ಹೇಳಲು ಬಾಯಿ ತೆರೆದ. ಐಸಕ್ಕ ಅವನಿಗಿಂತ ಮೊದಲು ಮಾತಾಡಿದಳು.

"ಅಂದಿತ್ತಂತೆ ಕಣೆ," ಎಂದಳು. "ನಾನು ಮಲಗಿಬಿಟ್ಟಿದ್ದೆ. ಕೇಳಿಸಿಕೊಳ್ಳಲಿಲ್ಲ."

ಪಕ್ಕದ ಮನೆಯವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಐಸಕ್ಕನ ಮುಖವನ್ನೊಮ್ಮೆ ನೋಡಿ, ಕಡಲಿನ ಕಡೆ ತಿರುಗಿ, ತಲೆಯ ಮೇಲೆ ಕೈ ಹೊತ್ತು ಮರಳಿನಲ್ಲಿ ಕೂತುಬಿಟ್ಟಳು. ಕೂಗಾಡದ ಆ ಬೆನ್ನನ್ನು ನೋಡುತ್ತ ನಿಲ್ಲುವುದು ಐಸಕ್ಕನಿಗೆ ಆಗಲಿಲ್ಲ.

ಮೈದುನನಿಗೂ ಆಗಲಿಲ್ಲ. ಅವನು ನೇರ ಹೋಗಿ, ನಿನ್ನೆಯಷ್ಟೇ ಬಣ್ಣ ಬಳಿದು ಒಣಗಲು ಬಿಟ್ಟಿದ್ದ ದೋಣಿಯೊಂದರ ಹಗ್ಗ ಬಿಚ್ಚತೊಡಗಿದ. "ನಾನು ಹೋಗಿ ಕರ್ಕೊಂಡು ಬರ್ತೀನಿ," ಎಂದು ಒಂದೇ ಸಮನೆ ಹೇಳುತ್ತಿದ್ದ. ಅವನಿಗೆ ದೋಣಿ ನಡೆಸಲು ಬರುತ್ತಿರಲಿಲ್ಲ. ಈಜಲೂ ಬರುತ್ತಿರಲಿಲ್ಲ. ಐಸಕ್ಕ ಹೋಗಿ ಅವನ ಅಂಗಿಯ ಕಾಲರ್ ಹಿಡಿದಳು.

"ಒಬ್ಬರನ್ನ ಕಳಿಸಿದ್ದು ಸಾಲದಾ? ನಿನ್ನನ್ನೂ ಕಳಿಸಲಾ?"

"ನನ್ನಿಂದ ಆಗಿದ್ದು ಅತ್ತಿಗೆ. ನಾನು ಇನ್ನೊಂದು ಸಲ ಕೇಳಬೇಕಿತ್ತು. ಏಳು ಗಂಟೆಗಾ ಅಂತ ಬಿಡಿಸಿ ಕೇಳಬೇಕಿತ್ತು."

"ನಾನು ನಾಲ್ಕು ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಸುಮ್ಮನೆ ನಿಂತ್ಕೋ."

ಅವನು ಕುಸಿದು ಕೂತು, ಬಣ್ಣದ ಕಲೆಯ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಅವನನ್ನು ಸಮಾಧಾನ ಮಾಡುವಷ್ಟು ಜೀವ ಅವಳಲ್ಲಿ ಉಳಿದಿರಲಿಲ್ಲ. ಕಾಲರ್ ಮಾತ್ರ ಬಿಡಲಿಲ್ಲ.

ಆಮೇಲಿನ ಹೊತ್ತು ಹೇಗೆ ಕಳೆಯಿತು ಎಂದು ಅವಳನ್ನು ಕೇಳಿದರೆ ಈಗಲೂ ಹೇಳಲಾರಳು. ಗಾಳಿ ಜೋರಾಯಿತು. ಮರಳು ಮುಖಕ್ಕೆ ಹೊಡೆಯತೊಡಗಿತು. ಬಂದರಿನ ಬಾಯಿಯಲ್ಲಿ ಎರಡು ಕಡೆ ಕಲ್ಲಿನ ಕಟ್ಟೆಗಳಿದ್ದವು, ಅವುಗಳ ನಡುವಿನ ಸಣ್ಣ ದಾರಿಯಲ್ಲೇ ದೋಣಿ ಒಳಗೆ ಬರಬೇಕು. ಅಲೆ ಆ ಕಟ್ಟೆಗಳನ್ನು ಹತ್ತಿ ಆಚೆ ಬೀಳುವುದು ದಡಕ್ಕೆ ಕಾಣುತ್ತಿತ್ತು. ಓಣಿಯವರು ಒಬ್ಬೊಬ್ಬರಾಗಿ ಬಂದು ನಿಂತರು. ಯಾರೋ ಅವಳ ಹೆಗಲಿಗೆ ಬಟ್ಟೆ ಹೊದಿಸಿದರು. "ಅನುಭವ ಇರೋನು, ಯಾವುದಾದರೂ ಮರೆ ನೋಡ್ಕೊಂಡು ನಿಂತಿರ್ತಾನೆ" ಎಂದು ಯಾರೋ ಅಂದರು. ಯಾವ ಮರೆ? ಕಡಲಿನ ನಡುವೆ ಮರೆ ಎಲ್ಲಿಂದ ಬರುತ್ತದೆ? ಅವಳ ಕಣ್ಣ ಮುಂದೆ ಬೋರಲಾದ ಒಂದು ದೋಣಿಯೇ ಬರುತ್ತಿತ್ತು. ಅಪ್ಪನ ಕಾಲದಲ್ಲಿ ಅವಳು ಚಿಕ್ಕವಳು, ಏನಾಯಿತೆಂದು ತಿಳಿಯುವುದರೊಳಗೆ ಎಲ್ಲ ಆಗಿಹೋಗಿತ್ತು. ಈಗ ಎಲ್ಲವೂ ತಿಳಿಯುತ್ತಿತ್ತು. ಅವಳಿಗೆ ಕೆಟ್ಟ ಭಯವಾಗಿತ್ತು. ಇಷ್ಟು ವರ್ಷ ಬಾಗಿಲು ಬಡಿದುಕೊಂಡಾಗೆಲ್ಲ ಹೆದರಿದ್ದು ಹೆದರಿಕೆಯೇ ಅಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು.

"ಅದೇನದು?" ಎಂದು ಮೊದಲು ಕೂಗಿದವಳು ಪಕ್ಕದ ಮನೆಯವಳು.

ಕಟ್ಟೆಗಳಾಚೆ ಕಪ್ಪನೆಯದೊಂದು ಮೇಲೆದ್ದು, ಇಲ್ಲವಾಗಿ, ಮತ್ತೆ ಎದ್ದಿತು. ಅಜ್ಜ ಕಣ್ಣಿನ ಮೇಲೆ ಕೈ ಅಡ್ಡ ಹಿಡಿದ. "ದೋಣಿಯೇ," ಎಂದ. "ಬೋರಲಾಗಿಲ್ಲ."

ಬೋರಲಾಗಿಲ್ಲ ಎನ್ನುವುದನ್ನು ಕೇಳಿ ಐಸಕ್ಕನ ಕಣ್ಣಿಗೆ ಕತ್ತಲೆ ಬಂತು. ಆದರೆ ಇನ್ನೂ ಕಟ್ಟೆಗಳ ಬಾಯಿ ದಾಟಬೇಕಿತ್ತು. ದೋಣಿ ಬಾಯಿಗೆ ಬಂದಾಗ ಹಿಂದಿನಿಂದ ಒಂದು ಅಲೆ ಎತ್ತಿ ಅದನ್ನು ಎಡಗಡೆಯ ಕಲ್ಲುಗಳ ಕಡೆ ನೂಕಿತು. ದಡದಲ್ಲಿದ್ದವರೆಲ್ಲ ಒಟ್ಟಿಗೆ "ಹೋ" ಎಂದರು. ಎಂಜಿನ್ ಕಿರುಚಿದ ಸದ್ದು ಗಾಳಿಯಲ್ಲಿ ತುಂಡು ತುಂಡಾಗಿ ಕೇಳಿಸಿತು. ದೋಣಿಯ ಮಗ್ಗುಲು ಕಲ್ಲಿಗೆ ಉಜ್ಜಿತೇನೋ ಎಂಬಷ್ಟು ಹತ್ತಿರ ಹೋಗಿ, ಮೂತಿ ತಿರುಗಿಸಿಕೊಂಡು, ಒಳಗಿನ ನೀರಿಗೆ ಬಂದು ಬಿತ್ತು. ಅದರಲ್ಲಿ ಇಬ್ಬರಿದ್ದರು. ಅವಳು ಎಣಿಸಿದಳು, ಇಬ್ಬರು. ಮತ್ತೆ ಎಣಿಸಿದಳು.

ಗಂಡಸರು ಹಗ್ಗ ಹಿಡಿದು ನೀರಿಗೆ ಓಡಿದರು. ದೋಣಿ ನಿಲ್ಲುವುದಕ್ಕೆ ಮುಂಚೆಯೇ ಅವಳ ಗಂಡ ಸೊಂಟದ ನೀರಿಗೆ ಹಾರಿದ. ಹಗ್ಗ ಹಿಡಿಯಲಿಲ್ಲ, ದೋಣಿ ಏನಾಯಿತೆಂದು ತಿರುಗಿ ನೋಡಲಿಲ್ಲ, ಅಡ್ಡ ಬಂದವರನ್ನು ತಳ್ಳಿಕೊಂಡು ಓಣಿಯ ಕಡೆಗೆ ಓಡತೊಡಗಿದ. ಹೆಂಡತಿ ದಡದಲ್ಲೇ ನಿಂತಿರುವುದು ಅವನಿಗೆ ಕಾಣಲೇ ಇಲ್ಲ.

"ರೀ!" ಎಂದಳು ಅವಳು.

ಅವನು ನಿಂತ. ತಿರುಗಿದ. ಅವಳನ್ನು ನೋಡಿದ ರೀತಿಗೆ ಸುತ್ತಲಿನವರೆಲ್ಲ ದಾರಿ ಬಿಟ್ಟರು. ಹತ್ತಿರ ಬಂದು, ಉಪ್ಪುನೀರು ಇಳಿಯುತ್ತಿದ್ದ ಅಂಗೈಯನ್ನು ಅವಳ ಹಣೆಯ ಮೇಲಿಟ್ಟ, ಕತ್ತಿನ ಮೇಲಿಟ್ಟ, ಆಮೇಲೆ ಅವಳ ಮಣಿಕಟ್ಟನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದುಕೊಂಡ.

ಮೊದಲು ಮಾತಾಡಿದವನು ಹಿಂದಿನಿಂದ ಕೆಮ್ಮುತ್ತ ಬಂದ ಪಕ್ಕದ ಮನೆಯವನು. "ಇವನಿಗೆ ತಲೆ ಕೆಟ್ಟಿದೆ," ಎಂದ. "ಅಷ್ಟು ದೂರ ಹೋಗಿ, ಬಲೆ ಬಿಡೋಣ ಅಂತ ಕೈ ಹಾಕಿದೀನಿ, ಇದ್ದಕ್ಕಿದ್ದ ಹಾಗೆ ದೋಣಿ ತಿರುಗಿಸಿಬಿಟ್ಟ. ಆಗ ಗಾಳಿನೂ ಇರಲಿಲ್ಲ, ಏನೂ ಇರಲಿಲ್ಲ! ಯಾಕೋ ಅಂದರೆ ಬಾಯೇ ಬಿಡಲ್ಲ. ಎಂಜಿನ್ ಸುಟ್ಟುಹೋಗೋ ಹಾಗೆ ಓಡಿಸ್ಕೊಂಡು ಬಂದ. ಗಾಳಿ ನಮ್ಮನ್ನ ಹಿಡಿದಿದ್ದು ಇಲ್ಲಿ, ಬಂದರಿನ ಬಾಯಿಗೆ ಬಂದ ಮೇಲೆ. ಅಲ್ಲೇ ಇದ್ದಿದ್ದರೆ..." ಅಷ್ಟರಲ್ಲಿ ಅವನ ಹೆಂಡತಿ ಬಂದು ಅವನನ್ನು ತಬ್ಬಿಕೊಂಡದ್ದರಿಂದ ಉಳಿದದ್ದು ಹಾಗೇ ನಿಂತಿತು.

"ಗಾಳಿ ಇದೆ ಅಂತ ನಿಮಗೆ ಹೇಗೆ ಗೊತ್ತಾಯಿತ್ರೀ?" ಎಂದಳು ಐಸಕ್ಕ.

"ಗಾಳಿ ಯಾರಿಗೆ ಬೇಕಿತ್ತೇ?" ಎಂದ ಅವನು. "ಹೊರಡೋವಾಗ ನಿನ್ನ ಹಣೆ ಮುಟ್ಟಿದೆ. ತಣ್ಣಗಿತ್ತು. ಜ್ವರ ಇಳಿದಿದೆ, ರೇಡಿಯೋನೂ ಕೇಳಿ ಆರಿಸಿ ಮಲಗಿದಾಳೆ ಅಂತ ಖುಷಿಯಾಗಿ, ಹೊದಿಸಿ ಹೋದೆ. ಅಷ್ಟು ದೂರ ಹೋದಮೇಲೆ ಹೊಳೀತು ಕಣೆ. ರೇಡಿಯೋ ಕೂಗಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ನೀನು ಟಕ್ ಅಂತ ಆರಿಸಿದ್ದೂ ಕೇಳಲಿಲ್ಲ. ಹಣೆ ತಣ್ಣಗಿತ್ತು ಅಷ್ಟೇ. ಕತ್ತಲೇಲಿ ನೀನು ಉಸಿರಾಡ್ತಿದೀಯೋ ಇಲ್ವೋ, ನಾನು ನೋಡಲೇ ಇಲ್ಲ."

"ಬೆವರಿತ್ತು ಕಣ್ರೀ. ಜ್ವರ ಬಿಟ್ಟು ಬೆವರಿತ್ತು."

"ನನಗೇನು ಗೊತ್ತು? ಅಲ್ಲಿಂದ ಇಲ್ಲೀವರೆಗೂ ನೀನು ಸತ್ತಿದೀಯ ಅಂತಲೇ ಬಂದೆ."

ಹೆದರುವುದು ತನ್ನೊಬ್ಬಳ ಪಾಲಿಗೆ ಬಂದದ್ದು ಎಂದುಕೊಂಡು ಇಷ್ಟು ವರ್ಷ ಕಳೆದಿದ್ದಳು. ಎಲ್ಲದಕ್ಕೂ ನಗುವ ಈ ಮನುಷ್ಯ ಹೆದರಬಲ್ಲ, ಅದೂ ತನಗಾಗಿ ಹೆದರಬಲ್ಲ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಅವಳು ತನ್ನ ಇನ್ನೊಂದು ಕೈಯನ್ನೂ ಅವನ ಕೈಯ ಮೇಲಿಟ್ಟಳು.

"ಇಲ್ಲೇ ಇದೀನಲ್ರೀ," ಎಂದಳು.

"ಒಂದು ಸಲ ಉಸಿರಾಡೆ," ಎಂದ ಅವನು. "ನಾನು ನೋಡಬೇಕು."

ಓಣಿಗೆ ಓಣಿಯೇ ಸುತ್ತ ನಿಂತಿತ್ತು. ಐಸಕ್ಕ ನಾಚಿಕೊಳ್ಳಲಿಲ್ಲ. ಗಂಡನ ಮುಖದ ಹತ್ತಿರ ಮುಖ ತಂದು, ಅವನಿಗೆ ಕಾಣುವ ಹಾಗೆ, ಎದೆ ತುಂಬ ಉಸಿರು ಎಳೆದುಕೊಂಡು ಬಿಟ್ಟಳು.